ಖುಬ್ಬೂಸ್ ಗಾಡಿಯ ಹಿಂದೆ ಓಡಿದ ಸ್ಪೇನಿನವ

ಪಂದ್ಯ ನಡೆಯುತ್ತಿರುವಾಗಲೇ ಮೈದಾನ ಬಿಟ್ಟು ರಸ್ತೆಗೆ ಓಡಿದ ಆಟಗಾರನನ್ನು ನೀವು ನೋಡಿದ್ದೀರಾ?

ನಾನು ನೋಡಿದ್ದೇನೆ. ಎರಡು ವಾರದ ಹಿಂದೆ, ಶುಕ್ರವಾರ ಸಂಜೆ, ಇಲ್ಲೇ ರಿಯಾದಿನ ಹೊರವಲಯದಲ್ಲಿ. ಅವನಿಗೆ ಗಾಯವಾಗಿರಲಿಲ್ಲ. ರೆಫರಿ ಹೊರಗೆ ಕಳಿಸಿರಲಿಲ್ಲ. ಹೊಟ್ಟೆಯೂ ಕೆಟ್ಟಿರಲಿಲ್ಲ. ಎದುರಾಳಿಗಳು ಚೆಂಡು ಹಿಡಿದುಕೊಂಡು ನಮ್ಮ ಗೋಲಿನತ್ತ ನುಗ್ಗುತ್ತಿದ್ದಾರೆ, ಇವನು ಚೆಂಡಿಗೆ ಬೆನ್ನು ಹಾಕಿ ಓಟ ಕಿತ್ತ! ಗೋಲ್‌ಕೀಪರ್ ಯಾರು? ನಾನು. (ಹೊಟ್ಟೆ ಬಂದವನಿಗೆ ನಮ್ಮ ತಂಡದಲ್ಲಿ ಉಳಿಯುವ ಜಾಗ ಅದೊಂದೇ.) ನನ್ನ ಮುಂದೆ ಬಟಾಬಯಲು. ಮುಂದಿನದನ್ನು ಹೇಳಬೇಕೇ? ಗೋಲ್ ಆಯಿತು.

ಓಡಿದವನು ಆಟ ಗೊತ್ತಿಲ್ಲದ ನಮ್ಮಂಥವನಾಗಿದ್ದರೆ ಕ್ಷಮಿಸಬಹುದಿತ್ತು. ನಾವೆಲ್ಲ ರಿಯಾದಿನ ಒಲಾಯಾ ಬಡಾವಣೆಯ ಆಫೀಸುಗಳಲ್ಲಿ ಟೈಪ್ ಹೊಡೆಯುವವರು, ಎಸಿ ರಿಪೇರಿಯವರು, ಸ್ಟೋರ್ ನೋಡಿಕೊಳ್ಳುವವರು. ಊರಲ್ಲಿ ವಾಲಿಬಾಲ್, ಕಬಡ್ಡಿ ಆಡಿದವರು. ಇವನೋ, ಸ್ಪೇನ್ ದೇಶದಲ್ಲಿ ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡಿ ಬಂದವನು. ನಮ್ಮ ತಂಡದಲ್ಲಿ ಆಟ ಗೊತ್ತಿದ್ದ ಏಕೈಕ ಮನುಷ್ಯ.

ಹೆಸರು ಇಗ್ನಾಸಿಯೊ. ಕಟ್ಟಡಗಳನ್ನು ತಂಪು ಮಾಡುವ ನಮ್ಮ ಕಂಪೆನಿಯ ಚಿಲ್ಲರ್ ಪ್ಲಾಂಟಿನ ಸೂಪರ್‌ವೈಸರ್. ಸ್ಟೋರ್‌ಕೀಪರ್ ಲಾರೆನ್ಸ್ ಕಿನ್ನಿಗೋಳಿ ಕಡೆಯವನು, ಈ ಹೆಸರು ಕೇಳಿದ ಕೂಡಲೇ, "ಇಗ್ನಾಸಿಯೊ ಎಂತದು ಮಾರಾಯ, ಇದು ನಮ್ಮ ಊರಿನ ಇನಾಸ್ ಅಲ್ವಾ?" ಅಂದುಬಿಟ್ಟ. ಅಂದಿನಿಂದ ಅವನು ಇನಾಸ್. ಅವನಿಗೂ ಅದು ಇಷ್ಟವಾದಂತಿದೆ, ಕರೆದರೆ ತಿರುಗಿ ನೋಡುತ್ತಾನೆ.

ಈ ಇನಾಸ್ ಸುಮಾರು ಹತ್ತು ವರ್ಷ ಆಡಿದ್ದು ಒಂದೇ ಸ್ಥಾನದಲ್ಲಿ. ಡಿಫೆನ್ಸಿವ್ ಮಿಡ್‌ಫೀಲ್ಡರ್. ಅಂದರೆ ಹಿಂದೆ ಕಾಯುವವರಿಗೂ ಮುಂದೆ ಗೋಲ್ ಹೊಡೆಯುವವರಿಗೂ ನಡುವೆ ನಿಂತು, ಎದುರಾಳಿಯ ಆಟವನ್ನು ಹುಟ್ಟುವ ಮೊದಲೇ ಕೆಡಿಸುವವನು. ಸಣ್ಣ ಊರಿನ ಕ್ಲಬ್, ಎರಡನೇ ದರ್ಜೆಯ ಲೀಗ್. ಒಂದೇ ಒಂದು ಸೀಸನ್ ಮೇಲಿನ ದರ್ಜೆಗೆ ಏರಿದ್ದರಂತೆ, ಮರುವರ್ಷವೇ ಇಳಿದರಂತೆ. ಇಡೀ ಕೆರಿಯರ್‌ನಲ್ಲಿ ಹೊಡೆದದ್ದು ಎರಡು ಗೋಲು, ಅದರಲ್ಲೊಂದು ತನ್ನದೇ ತಂಡದ ಗೋಲಿಗೆ! ಪತ್ರಿಕೆಯಲ್ಲಿ ಫೋಟೊ ಬಂದದ್ದು ಒಮ್ಮೆ. ಅದೂ ಬೇರೊಬ್ಬನ ಫೋಟೊದ ಅಂಚಿನಲ್ಲಿ ಇವನ ಮೊಣಕೈ.

ಇವನ ಅಪ್ಪ ಪ್ರತಿ ಭಾನುವಾರ ರೇಡಿಯೊ ಕಾಮೆಂಟರಿಗೆ ಕಿವಿ ಕೊಟ್ಟು ಕೂರುತ್ತಿದ್ದನಂತೆ. ಮಗ ಮನೆಗೆ ಬಂದ ಕೂಡಲೇ ಮೊದಲ ಪ್ರಶ್ನೆ, "ಇವತ್ತು ನೀನು ಆಡಿದೆಯಾ? ಹೆಸರೇ ಬರಲಿಲ್ಲವಲ್ಲ." ಇವನ ಉತ್ತರ, "ಬರಲಿಲ್ಲವಾ? ಹಾಗಾದರೆ ಚೆನ್ನಾಗಿ ಆಡಿದೆ." ತಪ್ಪು ಮಾಡಿದ ದಿನ ಮಾತ್ರ ರೇಡಿಯೊದವನಿಗೆ ಇವನ ಹೆಸರು ನೆನಪಾಗುತ್ತಿತ್ತು.

ಆಮೇಲೆ ಮೊಣಕಾಲು ಕೈಕೊಟ್ಟಿತು. ಕ್ಲಬ್ಬು ಕೈ ಕುಲುಕಿ ಕಳಿಸಿತು. ಇವನು ಕೂಲಿಂಗ್ ಕೆಲಸ ಕಲಿತು ಕೊನೆಗೆ ಈ ಮರಳಿಗೆ ಬಂದ. ಶುಕ್ರವಾರ ಸಂಜೆ ನಮ್ಮ ಜೊತೆ ಆಡುತ್ತಾನೆ. ಆಡುತ್ತಾನೆ ಅನ್ನುವುದಕ್ಕಿಂತ ಸುತ್ತ ನೋಡುತ್ತಾನೆ ಅನ್ನುವುದು ಸರಿ. ಚೆಂಡು ಎಡಗಡೆ ಇದ್ದರೆ ಇವನು ಬಲಕ್ಕೆ ಕತ್ತು ತಿರುಗಿಸುತ್ತಾನೆ. ಚೆಂಡು ಮುಂದೆ ಹೋದರೆ ಹಿಂದೆ ನೋಡುತ್ತಾನೆ. "ಇವನಿಗೆ ಕತ್ತು ಉಳುಕಿದೆಯಾ?" ಎಂದು ನಮ್ಮ ತಂಡದ ಹಮೀದ್ ಒಮ್ಮೆ ನನ್ನನ್ನು ಗಂಭೀರವಾಗಿಯೇ ಕೇಳಿದ್ದ.

ನಿಮಗೆ ಗೊತ್ತಲ್ಲ, ವಿಶ್ವಕಪ್ ಮುಗಿದ ಮೇಲೆ ಪ್ರತಿಯೊಬ್ಬನಿಗೂ ಗೋಲ್ ಹೊಡೆಯುವ ಹೀರೊನ ಹತ್ತನೇ ನಂಬರಿನ ಬನಿಯನ್ ಬೇಕು. ನಮ್ಮ ತಂಡದಲ್ಲಿ ಈಗ ನಾಲ್ಕು ಮಂದಿ ಹತ್ತನೇ ನಂಬರಿನವರಿದ್ದಾರೆ. ಇನಾಸ್‌ನ ಸ್ಥಾನ ಕೇಳಿದವರು ಇಂದಿನವರೆಗೆ ಒಬ್ಬರೂ ಇಲ್ಲ.

ಇರಲಿ. ಆ ಶುಕ್ರವಾರದ ಪಂದ್ಯ ಹಮೀದನಿಗಾಗಿ. ಯಾರಾದರೂ ರಜೆಗೆ ಹೊರಟರೆ ಹೊರಡುವ ಮುಂಚಿನ ಶುಕ್ರವಾರ ಅವನ ಹೆಸರಿನಲ್ಲಿ ಒಂದು ಪಂದ್ಯ ಆಡುವುದು ನಮ್ಮ ಕ್ಯಾಂಪಿನ ಪದ್ಧತಿ. ಸುರತ್ಕಲ್ಲಿನ ಹಮೀದ್ ಎಸಿ ಮೆಕ್ಯಾನಿಕ್, ಬ್ಯಾರಿ ಹುಡುಗ. ಶನಿವಾರ ಬೆಳಿಗ್ಗೆ ಬೊಂಬಾಯಿ ವಿಮಾನ. ಅಲ್ಲಿಂದ ಬಸ್ಸು. ಗುರುವಾರ ತಂಗಿಯ ನಿಖಾಹ್. ತಂದೆ ತೀರಿಹೋದ ಮನೆ. ಮದುಮಗನ ಕೈ ಹಿಡಿದು ತಂಗಿಯನ್ನು ಒಪ್ಪಿಸಿಕೊಡಬೇಕಾದವನು ಇವನೇ. ಇವನ ರಜೆ ಸಿಗಲಿಲ್ಲವೆಂದು ಆ ಮದುವೆ ಮೊದಲೇ ಒಮ್ಮೆ ಮುಂದೆ ಹೋಗಿತ್ತು. ಇನ್ನೊಮ್ಮೆ ಮುಂದೆ ಹಾಕಿದರೆ ಬೇರೆ ಕಡೆ ನೋಡುತ್ತೇವೆ ಎಂದು ಗಂಡಿನ ಕಡೆಯವರು ಹೇಳಿಯೂ ಬಿಟ್ಟಿದ್ದರು.

ಇಲ್ಲಿನ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಪಾಸ್‌ಪೋರ್ಟ್ ಇರುವುದು ಕಫೀಲನ, ಅಂದರೆ ನಮ್ಮನ್ನು ಕರೆಸಿಕೊಂಡ ಧಣಿಯ ಕಪಾಟಿನಲ್ಲಿ. ನಮ್ಮ ಜೇಬಿನಲ್ಲಿರುವುದು ಇಕಾಮಾ ಎಂಬ ಗುರುತಿನ ಪುಸ್ತಕ ಮಾತ್ರ. ರಜೆಗೆ ಹೊರಟಾಗ ಅದನ್ನು ಕೊಟ್ಟು ಪಾಸ್‌ಪೋರ್ಟ್ ಪಡೆಯಬೇಕು. ಹಮೀದನ ಕೈಗೆ ಅದು ಬಂದದ್ದು ಹಿಂದಿನ ದಿನ ಮಧ್ಯಾಹ್ನ. ಆಗಿನಿಂದ ಅದನ್ನು ಅವನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡೇ ತಿರುಗುತ್ತಿದ್ದ. ಕ್ಯಾಂಪಿನ ರೂಮಿನಲ್ಲಿ ಬಿಟ್ಟುಬರಲು ಮನಸ್ಸಾಗದೆ ಟಿಕೆಟ್ಟಿನ ಸಮೇತ ಮೈದಾನಕ್ಕೆ ತಂದ.

ಮೈದಾನದಲ್ಲಿ ಬೆಲೆಬಾಳುವುದನ್ನೆಲ್ಲ ಕಾಯುವುದು ಸದಾನಂದಣ್ಣ. ಕಾಪು ಕಡೆಯವರು, ತಂಡದ ಹಿರಿಯರು, ಆಟಕ್ಕಿಂತ ಚೀಲಕ್ಕೆ ಹೆಸರಾದವರು. ಎಲ್ಲರ ಇಕಾಮಾ, ವಾಚು, ಕಾರಿನ ಕೀ, ಎಲ್ಲವೂ ಬಕಾಲಾ ಎಂಬ ದಿನಸಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಚೀಲ ಸದಾನಂದಣ್ಣನ ತೊಡೆಯ ಮೇಲೆ. ಇಷ್ಟು ವರ್ಷದಲ್ಲಿ ಒಂದು ಬಾಚಣಿಗೆಯೂ ಕಳೆದದ್ದಿಲ್ಲ. ಹಮೀದ್ ಪಾಸ್‌ಪೋರ್ಟನ್ನೂ ಅದಕ್ಕೇ ಹಾಕಿದ. (ಇನಾಸ್ ಮಾತ್ರ ತನ್ನ ಇಕಾಮಾವನ್ನು ಕಾಲುಚೀಲದೊಳಗೆ ಇಟ್ಟುಕೊಳ್ಳುತ್ತಾನೆ. ಯಾರನ್ನೂ ನಂಬದ ಜನ್ಮ.)

ಎದುರಾಳಿಗಳು ಪಕ್ಕದ ಕ್ಯಾಂಪಿನ ಮಲಯಾಳಿಗಳು. ಅವರ ಕಾಲಿಗೆ ಚೆಂಡು ಅಂಟಿಕೊಂಡೇ ಇರುತ್ತದೆ. ಅರ್ಧ ಆಟದಲ್ಲಿ ನಮ್ಮವನೊಬ್ಬನ ಮೀನಖಂಡ ಹಿಡಿದುಕೊಂಡಿತು. ಬದಲಿ ಆಟಗಾರ ಬೇಕು. ಯಾರಿದ್ದಾರೆ? ಸದಾನಂದಣ್ಣ! ಅವರ ಸಂಭ್ರಮ ಏನು ಕೇಳುತ್ತೀರಿ. ಅಂಗಿ ಕಳಚಿ ಬನಿಯನ್ ಏರಿಸಿದರು. ಚೀಲ ಎಲ್ಲಿಡುವುದು? ಮೈದಾನದ ಪಕ್ಕದಲ್ಲಿ ಕಟ್ಟುತ್ತಿರುವ ಒಂದು ಮನೆಯ ಗೋಡೆ, ಅದರಿಂದ ಹೊರಚಾಚಿದ ಕಬ್ಬಿಣದ ಸರಳುಗಳು. ಸರಳಿಗೆ ಆಗಲೇ ಎರಡು ಮೂರು ಚೀಲ ನೇತಾಡುತ್ತಿದ್ದವು. ಮಲಯಾಳಿಗಳೂ ಅಲ್ಲೇ ಇಟ್ಟಿದ್ದಾರೆ ಎಂದು ತೀರ್ಮಾನಿಸಿ ಇವರೂ ನಮ್ಮದನ್ನು ಪಕ್ಕಕ್ಕೆ ನೇತುಹಾಕಿ ಒಳಗೆ ಧುಮುಕಿದರು.

ಅವು ಮಲಯಾಳಿಗಳ ಚೀಲಗಳಲ್ಲ. ಖುಬ್ಬೂಸಿನ ಚೀಲಗಳು!

ಈ ದೇಶದಲ್ಲಿ ರೊಟ್ಟಿಯನ್ನು ಕಸಕ್ಕೆ ಎಸೆಯುವುದಿಲ್ಲ. ಉಳಿದ ಖುಬ್ಬೂಸನ್ನು ಚೀಲದಲ್ಲಿ ಕಟ್ಟಿ ಗೋಡೆಗೆ ನೇತುಹಾಕುತ್ತಾರೆ. ಆಡು, ಕುರಿ ಇರುವವರು ಬಂದು ಒಯ್ಯುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಇದು ನಮಗೆ ಗೊತ್ತಿಲ್ಲವೇ? ಗೊತ್ತಿದೆ, ನಮ್ಮ ಕ್ಯಾಂಪಿನ ಗೇಟಿನಲ್ಲೂ ದಿನಾ ನೇತಾಡುತ್ತದೆ. ಆದರೆ ಆಡಲು ಕರೆ ಬಂದ ಮನುಷ್ಯನಿಗೆ ಗೊತ್ತಿರುವುದೂ ಮರೆತುಹೋಗುತ್ತದೆ.

ಇನಾಸ್ ಓಡಿದ್ದು ಇದಾದ ಸ್ವಲ್ಪ ಹೊತ್ತಿಗೆ. ಏಕೆಂದು ನಮಗೆ ಗೊತ್ತಾಗಲಿಲ್ಲ. ಅತ್ತ ನೋಡಲು ಪುರುಸೊತ್ತೆಲ್ಲಿ? ಅವನು ಕೈ ಬೀಸಿ ಏನೋ ಕೂಗಿದ. ಗಾಳಿಗೆ ಏನೂ ಕೇಳಲಿಲ್ಲ. ಕೇಳಿದ್ದರೂ ಅದು ಸ್ಪ್ಯಾನಿಷ್. ಕುಂಟುತ್ತಾ, ಕುಂಟುತ್ತಾ ಗೋಡೆಯ ತಿರುವಿನಲ್ಲಿ ಮಾಯವಾದ. ಅವನು ಕಾಯುತ್ತಿದ್ದ ಜಾಗದಿಂದಲೇ ಮಲಯಾಳಿಗಳು ನುಗ್ಗಿದರು.

"ಇವನ್ದೆಂತ ಕತೆ? ಪಂದ್ಯ ಬಿಟ್ಟು ಸಂತೆಗೆ ಹೋಗುದಾ?" ಎಂದು ಸದಾನಂದಣ್ಣ ಕೂಗಿದರು.

"ದುಡ್ಡು ತಕ್ಕೊಂಡು ಆಡಿದವ್ರು ಹೀಗೇ. ದುಡ್ಡಿಲ್ಲದಿದ್ರೆ ಮನಸ್ಸಿಲ್ಲ," ಎಂದು ಲಾರೆನ್ಸ್ ಒಗ್ಗರಣೆ ಹಾಕಿದ. ನಾನೂ ಸುಮ್ಮನಿರಲಿಲ್ಲ. ಚೆಂಡನ್ನು ಬಲೆಯಿಂದ ಹೆಕ್ಕಿ ತರುವವನಿಗೆ ಬೈಯುವ ಹಕ್ಕಾದರೂ ಬೇಡವೇ?

ಪಂದ್ಯ ಮುಗಿಯಿತು. ಸೋತೆವು. ಇನಾಸ್ ಇನ್ನೂ ಬಂದಿರಲಿಲ್ಲ, ಸಿಟ್ಟಿನಲ್ಲಿ ಯಾರೂ ಅವನನ್ನು ವಿಚಾರಿಸಲೂ ಇಲ್ಲ. ನೀರು ಕುಡಿದೆವು. ಹಮೀದ್ ನಗುತ್ತಲೇ ಬಂದು, "ಸದಾನಂದಣ್ಣ, ಚೀಲ ಕೊಡಿ, ನಾನಿನ್ನು ಪೆಟ್ಟಿಗೆ ಕಟ್ಬೇಕು," ಅಂದ.

ಸದಾನಂದಣ್ಣ ಗೋಡೆಯ ಹತ್ತಿರ ಹೋದರು. ನಿಂತರು. ಸರಳುಗಳು ಖಾಲಿ.

ಮಲಯಾಳಿಗಳನ್ನು ಕೇಳಿದೆವು. ಅವರ ಸಾಮಾನೆಲ್ಲ ವ್ಯಾನಿನಲ್ಲೇ ಇತ್ತು. "ಅದು ಖುಬ್ಬೂಸ್ ಇಡುವ ಜಾಗವಲ್ಲವೇ?" ಎಂದು ಅವರ ಕ್ಯಾಪ್ಟನ್ ನಮ್ಮನ್ನೇ ಕೇಳಿದ. ಆಗ ನಮ್ಮ ತಲೆಗೆ ಹೊಳೆಯಿತು. ಸದಾನಂದಣ್ಣ ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು.

ಹಮೀದ್ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಇನ್ನು ಮದುವೆ ಆಗುದಿಲ್ಲ," ಎಂದಷ್ಟೇ ಹೇಳಿ ಮರಳಿನಲ್ಲಿ ಕುಳಿತ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್, ಎಂಬೆಸಿ, ಕಫೀಲನ ಸಿಟ್ಟು, ಹೊಸ ಪುಸ್ತಕ, ಹೊಸ ವೀಸಾ. ಯಾರ ಕೈಕಾಲು ಹಿಡಿದರೂ ಗುರುವಾರದೊಳಗೆ ಆಗುವ ಮಾತಲ್ಲ. ನಮ್ಮೆಲ್ಲರ ಇಕಾಮಾವೂ ಅದರಲ್ಲೇ ಇತ್ತು, ದಾರಿಯಲ್ಲಿ ಪೊಲೀಸರು ಹಿಡಿದರೆ ನಾವೂ ಒಳಗೆ. ಆದರೆ ಆ ಹೊತ್ತಿನಲ್ಲಿ ನನಗೆ ಅದು ನೆನಪೇ ಆಗಲಿಲ್ಲ. ಕಣ್ಣೆದುರು ಇದ್ದದ್ದು ನಾನು ನೋಡಿಯೇ ಇಲ್ಲದ ಒಂದು ಹುಡುಗಿ, ಅವಳ ಮದರಂಗಿ ಕೈ. ನನಗೆ ನಿಜವಾಗಿ ಹೆದರಿಕೆಯಾಯಿತು.

ಕಾರಿನ ಕೀ ಕೂಡ ಚೀಲದಲ್ಲೇ! ಮಲಯಾಳಿಗಳ ವ್ಯಾನ್ ಹತ್ತಿ ಹುಡುಕಲು ಹೊರಡುವುದೆಂದಾಯಿತು. ಎತ್ತ ಹುಡುಕುವುದು? ಯಾವ ಗಾಡಿ, ಯಾವ ದಿಕ್ಕು, ನೋಡಿದವರಿಲ್ಲ.

ಅಷ್ಟರಲ್ಲಿ ಗೋಡೆಯ ತಿರುವಿನಿಂದ ಒಂದು ಹಳೇ ಪಿಕಪ್ ಗಡಗಡ ಎನ್ನುತ್ತಾ ಬಂತು. ಹಿಂದೆ ಖುಬ್ಬೂಸಿನ ರಾಶಿ, ರಾಶಿಯ ಮೇಲೆ ಒಂದು ಆಡು. ಸ್ಟಿಯರಿಂಗ್ ಹಿಡಿದದ್ದು ಬಿಳಿ ಗಡ್ಡದ ಅರಬಿ ಅಜ್ಜ. ಪಕ್ಕದಲ್ಲಿ ಬೆವರಿಳಿಸಿಕೊಂಡು, ಒಂದು ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿಕೊಂಡು ಇನಾಸ್. ಅವನ ತೊಡೆಯ ಮೇಲೆ ಚೀಲ!

ಹೋದ ಜೀವ ಬಂತು ಅನ್ನುತ್ತಾರಲ್ಲ, ಅದು ನಮಗೆ ಒಟ್ಟಿಗೇ ಬಂತು. ಹಮೀದ್ ಓಡಿಹೋಗಿ ಪಾಸ್‌ಪೋರ್ಟ್ ತೆಗೆದು ತಿರುವಿದ. ವೀಸಾ ಇದೆ, ಫೋಟೊ ಇದೆ. ಟಿಕೆಟ್ಟಿನ ಹೊರಕವಚದ ಮೂಲೆ ಮಾತ್ರ ಇಲ್ಲ. ಆಡು ತಿಂದಿತ್ತು. ಅವನು ಅಳುತ್ತಾ ನಗುತ್ತಾ ಮೊದಲು ಇನಾಸನನ್ನು ತಬ್ಬಿದ, ಆಮೇಲೆ ಅಜ್ಜನನ್ನು. ಆಡನ್ನೂ ಬಿಡುತ್ತಿರಲಿಲ್ಲವೇನೋ, ಅದು ಹಿಂದೆ ಸರಿಯಿತು. ಸದಾನಂದಣ್ಣ ಕಾರಿನ ಹಿಂದೆ ಹೋಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು.

ಅಜ್ಜ ಇಳಿದು ಅರಬಿಯಲ್ಲಿ ನಮಗೆ ಸರಿಯಾಗಿ ಮಂಗಳಾರತಿ ಎತ್ತಿದ. ಅರಬಿ ಬಲ್ಲ ಲಾರೆನ್ಸ್ ಸಣ್ಣ ದನಿಯಲ್ಲಿ ಅನುವಾದ ಮಾಡಿದ: "ರೊಟ್ಟಿಯ ಜಾಗದಲ್ಲಿ ಪಾಸ್‌ಪೋರ್ಟ್ ನೇತು ಹಾಕುವ ಮನುಷ್ಯರನ್ನು ಇಷ್ಟು ವಯಸ್ಸಿಗೆ ಈಗ ನೋಡಿದ್ದಂತೆ. ಈ ಮಜ್ನೂನ್, ಅಂದ್ರೆ ಹುಚ್ಚ, ಕುಂಟಿಕೊಂಡು ಹಿಂದೆ ಓಡಿ ಬರುವಾಗ ಹಸಿದವ ಅಂತ ಎಣಿಸಿ ಖುಬ್ಬೂಸ್ ಕೊಟ್ಟನಂತೆ. ಇವ ಅದನ್ನು ತಿನ್ನದೆ ರಾಶಿಗೇ ಕೈ ಹಾಕಿದನಂತೆ." ಪಿಕಪ್ ಪ್ರತಿ ಗೋಡೆಯ ಹತ್ತಿರ ನಿಲ್ಲುತ್ತಿತ್ತು, ಅದರಿಂದ ಬಚಾವು. ಅಜ್ಜ ಒಂದೇ ಸಮನೆ ಹೋಗಿದ್ದರೆ ಇನಾಸ್‌ನ ಮೊಣಕಾಲಿಗೆ ಸಿಗುತ್ತಿರಲಿಲ್ಲ.

ಆ ಮೊಣಕಾಲು ಆಗಲೇ ಊದಿಕೊಂಡಿತ್ತು. ಐಸ್ ಹಿಡಿದು ನಾನು ಪಕ್ಕದಲ್ಲಿ ಕುಳಿತೆ. ಅವನ ಇಂಗ್ಲಿಷು ನನ್ನದಕ್ಕಿಂತ ಒಂದು ಕೈ ಹೆಚ್ಚೇ ಕೆಟ್ಟದು, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ.

"ನಮ್ಮ ಚೀಲ ಅಂತ ಅಷ್ಟು ದೂರದಿಂದ ಹೇಗೆ ಗೊತ್ತಾಯಿತು?" ಎಂದು ಕೇಳಿದೆ.

"ಗೊತ್ತಿರಲಿಲ್ಲ," ಅಂದ. "ಸದಾನಂದ ಆಟಕ್ಕೆ ಬಂದ. ಅವನ ಕೈಯಲ್ಲಿ ಚೀಲ ಇರಲಿಲ್ಲ. ಆಮೇಲೆ ಒಬ್ಬ ಮುದುಕ ಚೀಲಗಳನ್ನು ಗಾಡಿಗೆ ಹಾಕುವುದು ಕಂಡಿತು. ನೀವೆಲ್ಲ ಚೆಂಡು ನೋಡುತ್ತಿದ್ದಿರಿ."

"ಅದರಲ್ಲಿ ಬರೀ ರೊಟ್ಟಿ ಇದ್ದಿದ್ದರೆ?"

ಅವನು ಭುಜ ಹಾರಿಸಿದ. "ಸುಮ್ಮನೆ ಓಡಿದ ಹಾಗೆ ಆಗುತ್ತಿತ್ತು. ನನ್ನ ಕೆಲಸದಲ್ಲಿ ಹೆಚ್ಚಿನ ಓಟ ಸುಮ್ಮನೆಯೇ. ಯಾವುದು ಸುಮ್ಮನೆ ಅಲ್ಲ ಅಂತ ಓಡುವ ಮೊದಲು ಗೊತ್ತಾಗುವುದಿಲ್ಲ."

ಇದನ್ನು ಅವನು ದೊಡ್ಡ ಮಾತಿನಂತೆ ಹೇಳಲಿಲ್ಲ. ಹೇಳುತ್ತಾ ಕಾಲುಚೀಲ ಬಿಚ್ಚಿ ಮರಳು ಕೊಡವುತ್ತಿದ್ದ. ನನಗೆ ಮಾತ್ರ ಆ ಮಾತು ಇನ್ನೂ ಕಿವಿಯಲ್ಲಿದೆ. ನಾವು ಏನನ್ನೇ ಮಾಡುವ ಮೊದಲು ಎಷ್ಟು ಲೆಕ್ಕಾಚಾರ ಹಾಕುತ್ತೇವೆ! ನಮ್ಮದಾ, ಬೇರೆಯವರದಾ? ಕೆಲಸಕ್ಕೆ ಬರುತ್ತದಾ, ಬರುವುದಿಲ್ಲವಾ? ಓಡಿ ಮುಗಿಸಿದ ಮೇಲೆ ಅದು ಬರೀ ರೊಟ್ಟಿ ಅಂತಾದರೆ ನಾಲ್ಕು ಜನ ನಗುವುದಿಲ್ಲವಾ? ಈ ಲೆಕ್ಕ ಮುಗಿಯುವಷ್ಟರಲ್ಲಿ ಪಿಕಪ್ ಊರು ಬಿಟ್ಟಿರುತ್ತದೆ.

ಶನಿವಾರ ಬೆಳಿಗ್ಗೆ ಹಮೀದನನ್ನು ವಿಮಾನ ಹತ್ತಿಸಿದೆವು. ಮೂಲೆ ಹರಿದ ಟಿಕೆಟ್ಟನ್ನು ಕೌಂಟರಿನವನು ಮೂಗಿನ ಹತ್ತಿರ ಹಿಡಿದು ನೋಡಿದ, ಏನೂ ಕೇಳಲಿಲ್ಲ. (ಕೇಳಿದ್ದರೆ ಆಡಿನ ಕತೆಯನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ಲಾರೆನ್ಸ್ ಬೆವರುತ್ತಿದ್ದ.) ನಿನ್ನೆ ಟೆಲಿಗ್ರಾಂ ಬಂತು. ನಿಖಾಹ್ ಸುಸೂತ್ರ. ಕ್ಯಾಂಪಿಗೆಲ್ಲ ಸದಾನಂದಣ್ಣನ ಲೆಕ್ಕದಲ್ಲಿ ಜಿಲೇಬಿ. ಅವರು ಇಷ್ಟು ದಿನ ಸರಿಯಾಗಿ ಊಟ ಮಾಡಿರಲಿಲ್ಲ, ನಿನ್ನೆ ಎರಡು ಸಲ ಬಡಿಸಿಕೊಂಡರು. ನನಗೂ ನಿನ್ನೆಯೇ ಸರಿಯಾಗಿ ನಿದ್ದೆ ಬಂದದ್ದು. ಇನಾಸ್ ಇನ್ನೊಂದು ತಿಂಗಳು ಆಡುವಂತಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ.

ಹಾಗಾಗಿ ಈ ಶುಕ್ರವಾರ ಅವನ ಜಾಗ ಖಾಲಿ ಇದೆ. ಬರೀ ರೊಟ್ಟಿಯ ಚೀಲವೇ ಆಗಿರಬಹುದಾದ ಒಂದು ಚೀಲದ ಹಿಂದೆ, ತನ್ನವರಿಂದಲೇ ಬೈಸಿಕೊಂಡು ಓಡಲು ನಿಮ್ಮಲ್ಲಿ ಯಾರು ತಯಾರಿದ್ದೀರಿ?