ಹುಮನಾಬಾದಿನ ಗಾಳಿಗೆ ಬಂದ ಅಪವಾದ

ನನ್ನ ಗಂಡನಿಗೆ ಯಾವುದನ್ನೂ ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲ. ಮನೆಗೆ ಬಂದವರು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಹುಗ್ಗಿ ಬಡಿಸುವ ಮನುಷ್ಯ. ಕಾರಿಗೂ ಅದೇ ಉಪಚಾರ. ಟ್ಯಾಂಕು ತುಂಬಿ ಪಂಪಿನ ನಳಿಗೆ ತಾನಾಗಿ ನಿಂತ ಮೇಲೂ ಕೆಳಗಿಳಿದು, ಎರಡೂ ಕೈಯಿಂದ ಕಾರು ಅಲ್ಲಾಡಿಸಿ, ಇನ್ನಷ್ಟು ಪೆಟ್ರೋಲು ಹಿಡಿಸಿಯೇ ಹೊರಡುತ್ತಿದ್ದರು.

ಆ ಪಂಪು ಇರುವುದು ನಮ್ಮ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ. ಹುಮನಾಬಾದಿನಲ್ಲಿ ಅತ್ತೆಯವರ ಅಕ್ಕ ಇದ್ದಾರೆ. ಆಕೆಗೆ ಹೊಸ್ತಿಲು ದಾಟಲು ಆಗದ್ದರಿಂದ ಪ್ರತಿ ಸೋಮವಾರ ಅತ್ತೆಯೇ ಹೋಗಬೇಕು. ಟ್ಯಾಂಕು ತುಂಬಿಸಿ ಹೊರಟರೆ, ಊರು ಹತ್ತಿರವಾಗುವಷ್ಟರಲ್ಲಿ ಕಾರಿನೊಳಗೆ ಘಾಟು ವಾಸನೆ. ಅತ್ತೆಗೆ ತಲೆಸುತ್ತು, ವಾಂತಿ. ಇದೆಲ್ಲ ಹುಮನಾಬಾದಿನ ಕಾರ್ಖಾನೆಗಳ ಗಾಳಿ ಎಂದು ಇವರು ತೀರ್ಪು ಕೊಟ್ಟುಬಿಟ್ಟರು. ಇಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಹೊತ್ತಿದ್ದಕ್ಕೂ ಆ ಗಾಳಿಯೇ ಕಾರಣವಂತೆ.

ಅತ್ತೆ ಮಗನನ್ನು ನಂಬಿ, ನಿಮ್ಮೂರ ಗಾಳಿ ನನಗೆ ಆಗಿಬರುವುದಿಲ್ಲ, ಇನ್ನು ಬರಲಾರೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿಯೂಬಿಟ್ಟರು. ಮದುವೆಯಾದಾಗಿನಿಂದ ಆ ಊರಿನಲ್ಲೇ ಬಾಳಿದ ಅಕ್ಕ ಫೋನು ಇಟ್ಟುಬಿಟ್ಟರು. ಆಮೇಲೆ ಅತ್ತೆಯೂ ಫೋನು ಮಾಡಲಿಲ್ಲ, ಅಕ್ಕನೂ ಮಾಡಲಿಲ್ಲ. ಸೋಮವಾರ ಬಂತೆಂದರೆ ಅತ್ತೆ ಯಾರ ಮೇಲಾದರೂ ರೇಗುತ್ತಿದ್ದರು, ಹೆಚ್ಚಾಗಿ ನನ್ನ ಮೇಲೆ. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಒಮ್ಮೆ ಬೇರೆ ದಿಕ್ಕಿನಲ್ಲಿರುವ ಮಂಠಾಳದಲ್ಲಿ ಸಂಬಂಧಿಕರ ಮಗುವಿನ ತೊಟ್ಟಿಲ ಕಾರ್ಯಕ್ರಮ. ಇವರು ಮೊದಲು ಪಂಪಿಗೆ ಹೋಗಿ ಕಾರಿಗೆ ಕಂಠಪೂರ್ತಿ ಕುಡಿಸಿ ಬಂದರು. ದಾರಿಯಲ್ಲಿ ತೊಗರಿ ಹೊಲ ಬಿಟ್ಟರೆ ಏನೂ ಇಲ್ಲ, ವಾಸನೆ ಮಾತ್ರ ಅದೇ.

ಹಿಂದಿನ ಸೀಟಿನಿಂದ ಅತ್ತೆ ಕೇಳಿದರು, “ಹುಮನಾಬಾದ್ ಕಾರ್ಖಾನಿ ಮಂಠಾಳಕ್ಕ ಬಂದ್ವೇನಪಾ?”

ಇವರು ಕಿಟಕಿ ಇಳಿಸಿದರು.

ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ, ಪೆಟ್ರೋಲಿನ ಆವಿ ಹೋಗುವ ದಾರಿಯಲ್ಲಿ ದೋಷವಿದೆ ಎಂದ. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟು ಇಂಜಿನ್ನಿಗೆ ಕಳಿಸಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದಂತೆ. ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಪೆಟ್ರೋಲೇ ಕುಲುಕಿತು. ಆವಿಗೆಂದು ಬಿಟ್ಟ ಜಾಗಕ್ಕೂ ಇವರು ಪೆಟ್ರೋಲು ತುರುಕಿದ್ದರಿಂದ ಅದು ಡಬ್ಬಿಗೆ ಹರಿದು ಇದ್ದಿಲು ಕೆಟ್ಟು, ಆವಿ ಕಾರಿನೊಳಗೆ ನುಗ್ಗುತ್ತಿತ್ತು. ನಳಿಗೆ ನಿಂತಾಗ ನೀವೂ ನಿಲ್ಲಿಸಿ ಎಂದು ಹೇಳಿ ಅವನು ಹೊಸ ಡಬ್ಬಿ ಕೂಡಿಸಿದ. ದೀಪ ಆರಿತು. ಇಷ್ಟು ಸಣ್ಣ ಡಬ್ಬಿ ಇಟ್ಟವರದೇ ತಪ್ಪು ಎಂದು ಇವರು ಮನೆ ಮುಟ್ಟುವವರೆಗೆ ಗೊಣಗಿದರು.

ಸೋಮವಾರ ಮತ್ತೆ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಮೂಗು ಅರಳಿಸಿ ಪರೀಕ್ಷೆ ಮಾಡುತ್ತಲೇ ಬಂದರು. ಅಕ್ಕ ಬಾಗಿಲ ಕಡೆ ಮುಖ ಮಾಡಿಯೇ ಕುಳಿತಿದ್ದರು, ಆದರೆ ಬಾ ಎನ್ನಲಿಲ್ಲ. ಅತ್ತೆ ಡಬ್ಬಿ, ಇದ್ದಿಲು, ಮಗನ ಅತಿಯಾಸೆ ಎಲ್ಲವನ್ನೂ ವಿವರಿಸಿ, “ತಪ್ಪು ಗಾಡಿದು, ಅಕ್ಕಾ,” ಎಂದರು.

“ಗಾಡಿಗಿ ಫೋನ್ ಮಾಡ್ಲಾಕ ಬರಾಂಗಿಲ್ಲ,” ಎಂದರು ಅಕ್ಕ. “ನಿನಗ ಬರ್ತಿತ್ತಲ್ಲ.”

ಅತ್ತೆ ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತರು. ಸಂಜೆ ನಾವು ಹೊರಟಾಗಲೂ ಏಳಲಿಲ್ಲ. ನಾಳೆ ಬಂದು ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿ, ಅಕ್ಕನ ಕೈ ಹಿಡಿದೇ ಕೂತಿದ್ದರು.