ಉಜ್ಜೋದೇನೂ ಬ್ಯಾಡ ಎಂದಿದ್ದೆ

ಬೋರಮ್ಮನಿಗೆ ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ, ಬಾಯಿತಪ್ಪಿ ಬಂದದ್ದಲ್ಲ — ಕೆಲಸ ಕೆಡಲಿ ಎಂದೇ ಹೇಳಿದ್ದು. ಕಾರಿನ ಮುಂದಿನ ಗ್ರಿಲ್ಲಿಗೆ ಮನೆಯಲ್ಲೇ ಕಪ್ಪು ಬಣ್ಣ ಹೊಡೆಯುವುದು ಹೇಗೆಂದು ಕೇಳಿಕೊಂಡು ಬಂದಿದ್ದಳು. ಬಣ್ಣ ನಿಲ್ಲದ ದಾರಿಯನ್ನು ತೋರಿಸಿ ಕಳಿಸಿದೆ. ಇದಾಗಿ ನಾಲ್ಕು ವರ್ಷ. ಈ ನಾಲ್ಕು ವರ್ಷವೂ ಅವಳು ಕಂಡವರ ಮುಂದೆಲ್ಲ ನನ್ನನ್ನು ಹೇಳಿಕೊಟ್ಟವರು ಎಂದೇ ಹೊಗಳಿಕೊಂಡು ಬಂದಳು. ನಾನು ತಡೆಯಲಿಲ್ಲ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಅಂಗಡಿ. ಗಾಡಿಗಳಿಗೆ ಹೊಡೆಯುವ ಬಣ್ಣ, ಥಿನ್ನರ್, ಟೇಪು, ಉಜ್ಜುವ ಕಾಗದ ಮಾರುತ್ತೇನೆ. ಹಿಂದಿನ ಶೆಡ್ಡಿನಲ್ಲಿ ನಾನೇ ಪೇಂಟಿಂಗೂ ಮಾಡುತ್ತೇನೆ. ಇಪ್ಪತ್ತೈದು ವರ್ಷದ ಕಸುಬು. ‘ತಿಪ್ಪೇಸ್ವಾಮಿ ಕೈ ಆಡಿಸಿದ್ರೆ ಹಳೇ ಗಾಡಿ ಹೊಸದಾಗ್ತೈತೆ’ ಅನ್ನುವ ಮಾತು ಈ ಕಡೆ ಇತ್ತು. ಆ ಮಾತು ನನ್ನ ತಲೆಗೂ ಸ್ವಲ್ಪ ಏರಿತ್ತು.

ಅವಳು ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ, ಕಾರು ತಾನೇ ಓಡಿಸಿಕೊಂಡು. ದೇವಸಮುದ್ರದ ಪಕ್ಕದ ಹಳ್ಳಿಯವಳು, ಮೂವತ್ತರ ಆಸುಪಾಸು. ಮನೆತನದ ಬದುಕೆಲ್ಲ ಕುರಿ. ಮಾವನ ಟೆಂಪೋದಲ್ಲಿ ಡ್ರೈವಿಂಗ್ ಕಲಿತು, ತನ್ನ ಪಾಲಿನ ಕುರಿ ಮಾರಿ, ಮೂರು ಕೈ ಬದಲಾದ ಒಂದು ಬಿಳಿ ಕಾರು ಕೊಂಡಿದ್ದಳು. ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ಹೊಸ ಕ್ಯಾಂಪಸ್ಸುಗಳು ಬಂದವಲ್ಲ, ಅಲ್ಲಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಒಬ್ಬ ಗುತ್ತಿಗೆದಾರ ಕಾರು ಹುಡುಕುತ್ತಿದ್ದ. ಹೆಂಗಸೇ ಓಡಿಸುವುದಾದರೆ ಇನ್ನೂ ಒಳ್ಳೆಯದು ಅಂದಿದ್ದನಂತೆ. ಆದರೆ ಕಾರು ನೋಡಲು ಚೆನ್ನಾಗಿರಬೇಕು. ಅವಳ ಕಾರಿನ ಮೈ ಚೆನ್ನಾಗಿಯೇ ಇತ್ತು. ಮುಂದಿನ ಗ್ರಿಲ್ಲಿನ ಕ್ರೋಮ್ ಹೊಳಪು ಮಾತ್ರ ಚುಕ್ಕಿಚುಕ್ಕಿಯಾಗಿ ಮಂಕಾಗಿ, ಇಡೀ ಕಾರಿಗೆ ಕಾಯಿಲೆ ಬಿದ್ದವರ ಮುಖ ತಂದಿತ್ತು. ಹೊಸ ಗ್ರಿಲ್ ಹಾಕಿಸುವ ಮಾತು ದೂರ. ಕಪ್ಪು ಮಾಡಿಬಿಟ್ಟರೆ ಲಕ್ಷಣವಾಗಿ ಕಾಣುತ್ತದೆಂದು ಅವಳೇ ಯೋಚಿಸಿದ್ದಳು. ಯೋಚನೆ ಸರಿಯಾಗಿತ್ತು — ಯಾವ ಪೇಂಟರ್ ಆದರೂ ಅದನ್ನೇ ಹೇಳುತ್ತಿದ್ದ.

ನಾನು ಮಾಡಿಕೊಡುತ್ತೇನೆ, ಎರಡು ದಿನ ಗಾಡಿ ಬಿಟ್ಟು ಹೋಗು ಅಂದೆ. ಅವಳು ನಕ್ಕಳು.

“ಬ್ಯಾಡ ಬಿಡ್ರಿ ಅಣ್ಣ, ನಾನೇ ಮಾಡ್ಕೊಂತೀನಿ. ಸಾಮಾನು ಕೊಡ್ರಿ ಸಾಕು. ಕುರಿ ಮೈಗೆ ಗಾಯ ಆಗದಂಗೆ ಉಣ್ಣೆ ಕತ್ತರಿಸೋ ಕೈ ಇದು. ಇಷ್ಟು ಬರಲ್ವಾ?”

ಅಂಗಡಿಯಲ್ಲಿದ್ದ ಮೂರ್ನಾಲ್ಕು ಜನ ಗಿರಾಕಿಗಳು ಜೋರಾಗಿ ನಕ್ಕರು. ಅವಳ ಮಾತಿನಲ್ಲಿ ಅಣಕ ಇರಲಿಲ್ಲ — ಇವತ್ತು ಅದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ನಗು ನನ್ನ ಇಪ್ಪತ್ತೈದು ವರ್ಷದ ಮೇಲೇ ಬಿದ್ದಂತಾಯಿತು. ಇದನ್ನು ನೆಪವೆಂದು ಹೇಳುತ್ತಿಲ್ಲ. ಏನಾಯಿತೆಂದು ಹೇಳುತ್ತಿದ್ದೇನೆ, ಅಷ್ಟೆ.

ಕಪ್ಪು ಬಣ್ಣದ ಎರಡು ಸ್ಪ್ರೇ ಡಬ್ಬಿ, ಒಂದು ಟೇಪು ತಗೊಂಡಳು. ಹೊರಡುವ ಮುಂಚೆ ತಿರುಗಿ ಕೇಳಿದಳು: “ಅಣ್ಣ, ಹೊಡೆಯೋಕೆ ಮುಂಚೆ ಇದನ್ನ ಏನಾದ್ರೂ ಉಜ್ಜಬೇಕಾ? ತುಂಬಾ ನುಣುಪೈತಲ್ಲ, ಬಣ್ಣ ಹಿಡಿಯುತ್ತೋ ಇಲ್ವೋ...”

ಇಡೀ ಕೆಲಸದ ಗುಟ್ಟೇ ಆ ಪ್ರಶ್ನೆಯಲ್ಲಿತ್ತು. ನನ್ನ ಹತ್ತಿರ ವರ್ಷಗಟ್ಟಲೆ ಕೆಲಸ ಕಲಿತವರೂ ಕೇಳದ ಪ್ರಶ್ನೆ. ಕ್ರೋಮ್ ಗಾಜಿನಷ್ಟು ನುಣುಪು. ಸೋಪಿನ ನೀರಲ್ಲಿ ಜಿಡ್ಡು ತೊಳೆದು, ವಾಟರ್ ಪೇಪರಿನಿಂದ ನೀರು ಹಾಕಿ ಹಾಕಿ ಹೊಳಪು ಸಾಯುವ ತನಕ ಉಜ್ಜಿ, ಒರೆಸಿ, ಬಣ್ಣ ಹಿಡಿಸುವ ಪ್ರೈಮರ್ ಹೊಡೆದು, ಆಮೇಲೆ ತೆಳ್ಳಗೆ ಕಪ್ಪು ಹೊಡೆಯಬೇಕು. ಉಜ್ಜುವ ಕಾಗದ ನನ್ನ ಕೈಗೆಟುಕುವಷ್ಟು ದೂರದಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು.

“ಉಜ್ಜೋದೇನೂ ಬ್ಯಾಡಮ್ಮ,” ಅಂದೆ. “ಕ್ರೋಮ್ ಮೇಲೆ ಹಂಗೇ ಹೊಡಿ. ಕೂತ್ಕೊಂತೈತೆ.”

“ಹೌದೇನ್ರಿ?” ಅಂದಳು. ನಂಬಿದಳು. ಹೋದಳು.

ಮುಂದೆ ನಡೆದದ್ದನ್ನು ಮೊಳಕಾಲ್ಮೂರಿನ ಒಬ್ಬ ಡ್ರೈವರ್ ನನ್ನ ಅಂಗಡಿಯಲ್ಲಿ ನಿಂತು, ತಮಾಷೆಯ ಸುದ್ದಿ ಎಂಬಂತೆ ಹೇಳಿದ. ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದಳಂತೆ. ಒಳಗಿನ ರೇಡಿಯೇಟರಿಗೆ ಬಣ್ಣ ಸಿಡಿಯದಂತೆ ಗ್ರಿಲ್ಲಿನ ಹಿಂದೆ ಪೇಪರ್ ತುರುಕಿ, ಬಾನೆಟ್ಟಿನ ಅಂಚಿಗೆಲ್ಲ ಟೇಪು ಹಚ್ಚಿ, ಟೇಪು ಸಾಲದ ಸಂದಿಗಳಿಗೆ ಹಳೇ ಮದುವೆ ಕಾರ್ಡು ಸಿಗಿಸಿ — ಒಂದು ಹನಿ ಆಚೆ ಬಿದ್ದಿರಲಿಲ್ಲವಂತೆ. ಎರಡು ದಿನ ಕಾರು ಮದುವಣಗಿತ್ತಿಯ ಹಾಗಿತ್ತು. ಮೂರನೇ ದಿನ ಗುತ್ತಿಗೆದಾರ ಮೊಳಕಾಲ್ಮೂರಿನ ಕಾರ್ ಸ್ಟ್ಯಾಂಡಿಗೆ ಬರುವುದಿತ್ತು. ಬೆಳಿಗ್ಗೆ ವಾಟರ್ ಸರ್ವಿಸ್ ಮಾಡಿಸಿಕೊಂಡು ಬಂದು ಸಾಲಿನಲ್ಲಿ ನಿಲ್ಲಿಸಿದ್ದಾಳೆ. ಪೈಪಿನ ನೀರಿನ ಹೊಡೆತಕ್ಕೆ ಬಣ್ಣದ ಅಂಚು ಎದ್ದಿತ್ತು. ಬಿಸಿಲು ಏರಿದ ಹಾಗೆ, ಎಲ್ಲರ ಎದುರಿಗೇ, ಕಪ್ಪು ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿ ಉದುರತೊಡಗಿತು.

“ಏಮಮ್ಮಾ, ನಿನ್ ಕಾರು ಪೊರೆ ಬಿಡ್ತಾ ಐತಾ?” ಅಂತ ಒಬ್ಬ ಅಂದನಂತೆ. ಇಡೀ ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತಂತೆ. ಗುತ್ತಿಗೆದಾರ ಬಂದು ನೋಡಿ, ಮೊದಲು ಗಾಡಿ ಸರಿ ಮಾಡ್ಕೋ ತಾಯಿ ಎಂದು ಹೇಳಿ ಪಕ್ಕದ ಕಾರು ಗೊತ್ತು ಮಾಡಿಕೊಂಡು ಹೋದ. ಬೋರಮ್ಮ ಉದುರಿದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಹಾಕಿಕೊಂಡಳಂತೆ — ಸ್ಟ್ಯಾಂಡು ಗಲೀಜಾಗಬಾರದಲ್ಲ.

ಡ್ರೈವರ್ ನಗುತ್ತಿದ್ದ. ನಾನೂ ನಕ್ಕೆ. ಹೌದು, ನಕ್ಕೆ.

ಒಂದೂವರೆ ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡೆ, ಏನು ಉತ್ತರ ಕೊಡಬೇಕೆಂದೂ ಗೊತ್ತು ಮಾಡಿಟ್ಟುಕೊಂಡಿದ್ದೆ. ಅವಳು ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಗಲ್ಲಾದ ಮೇಲಿಟ್ಟು ಬಿಚ್ಚಿದಳು. ಗುಜರಿಯಿಂದ ತಂದ ಒಂದು ಮುರುಕು ಗ್ರಿಲ್. ಅದರ ಒಂದೊಂದು ಪಟ್ಟಿ ಒಂದೊಂದು ಥರ.

“ನೋಡ್ರಿ ಅಣ್ಣ. ಈ ಪಟ್ಟಿಗೆ ಸುಮ್ನೆ ಹೊಡೆದಿದ್ದೆ, ಉದುರ್ತು. ಇದಕ್ಕೆ ಉಜ್ಜಿ ಹೊಡೆದೆ, ಪರವಾಗಿಲ್ಲ, ಆದ್ರೆ ಉಗುರಲ್ಲಿ ಕೆರೆದ್ರೆ ಬರ್ತೈತೆ. ಇದಕ್ಕೆ ಉಜ್ಜಿ, ಪ್ರೈಮರ್ ಹಾಕಿ, ನಾಕು ಸರ್ತಿ ತೆಳ್ಳಗೆ ಹೊಡೆದೆ — ಕಲ್ಲು ತಾಕಿದ್ರೂ ಏನೂ ಆಗಲ್ಲ. ಇದು ಕಪ್ಪು ಸ್ಟಿಕರ್, ಕೂದಲು ಒಣಗಿಸೋ ಮಿಷನ್ನಲ್ಲಿ ಬಿಸಿ ಮಾಡಿ ಎಳೆದು ಅಂಟಿಸಿದ್ದು. ನೇರ ಪಟ್ಟಿಗೆ ಸೈ, ಮೂಲೇಲಿ ಏಳ್ತೈತೆ. ಇದು ರಬ್ಬರ್ ಬಣ್ಣ, ಬ್ಯಾಡಾದಾಗ ಸಿಪ್ಪೆ ಥರ ಸುಲೀಬೋದು, ಕೆಳಗಿನ ಕ್ರೋಮ್ ಹಂಗೇ ಇರ್ತೈತೆ. ಗಾಡಿ ಆಮೇಲೆ ಮಾರೋರಿಗೆ ಇದೇ ಒಳ್ಳೇದು.”

ಅಷ್ಟೂ ಪಟ್ಟಿಗಳನ್ನು ಕುರಿ ರೊಪ್ಪದ ಮಾಡಿನ ಮೇಲೆ ಬಿಸಿಲಿಗಿಟ್ಟು, ದಿನಾ ನೀರು ಹೊಡೆದು, ಪರೀಕ್ಷೆ ಮಾಡಿದ್ದಳು. ನಾನು ಆ ಗ್ರಿಲ್ಲನ್ನು ಕೈಗೆ ತಗೊಂಡೆ. ಸುಳ್ಳು ಹೇಳುವುದಿಲ್ಲ — ಮೂರನೇ ಪಟ್ಟಿಯ ಬಣ್ಣ ನನ್ನ ಕೈಯಲ್ಲೂ ಅಷ್ಟು ಸಮನಾಗಿ ಕೂರುತ್ತಿರಲಿಲ್ಲ. ಎಲ್ಲೂ ಸೋರಿಲ್ಲ, ಎಲ್ಲೂ ದಪ್ಪವಿಲ್ಲ. ಯಾರೂ ಹೇಳಿಕೊಡದೆ, ತಪ್ಪು ಹೇಳಿಕೊಟ್ಟ ಮೇಲೂ, ಒಬ್ಬಳೇ ಕೂತು ದಾರಿ ಕಂಡುಕೊಂಡಿದ್ದಳು. ಇಂಥ ಕೈ ನಾನು ಇನ್ನೊಂದು ಕಂಡಿಲ್ಲ.

ಆಗ ಅವಳು ಅಂದಳು: “ಅವತ್ತಿನ ತಪ್ಪು ನಂದೇ ಅಣ್ಣ. ನೀವು ಹೇಳಿದ್ದು ಸರೀನೇ ಇರಬೇಕು, ನಾನು ಜಿಡ್ಡು ಸರಿಯಾಗಿ ತೊಳೆದಿರಲಿಲ್ಲ ಅನ್ಸುತ್ತೆ. ಅಲ್ವಾ?”

ನಿಜ ಹೇಳಲು ಬಾಗಿಲು ತಾನಾಗಿಯೇ ತೆರೆದಿತ್ತು. ಒಂದು ಮಾತು ಸಾಕಿತ್ತು. ನಾನು —

“ಹೂಂ... ಇರಬೋದು,” ಅಂದೆ.

ಮೊದಲನೆಯದು ಅಹಂಕಾರಕ್ಕೆ ಹೇಳಿದ ಸುಳ್ಳು. ಇದು ಹೇಡಿತನದ್ದು. ಎರಡರಲ್ಲಿ ಇದೇ ನನ್ನನ್ನು ಹೆಚ್ಚು ಸುಟ್ಟಿದೆ.

ಆಮೇಲೆ ಅವಳ ಹೆಸರು ಮೆಲ್ಲಗೆ ಹಬ್ಬಿತು. ದಿನಾ ಬೆಳಿಗ್ಗೆ ಟೀಚರುಗಳನ್ನು ಶಾಲೆಗೆ ಬಿಡುವ ಕೆಲಸ ಹಿಡಿದಳು. ಮಿಕ್ಕ ಹೊತ್ತಿನಲ್ಲಿ ಮನೆ ಹತ್ತಿರ ಗ್ರಿಲ್ ಕಪ್ಪು ಮಾಡಿಕೊಡತೊಡಗಿದಳು. ತಾವೇ ಮಾಡಿಕೊಳ್ಳುತ್ತೇವೆ ಅಂದವರಿಗೆ ಹೇಳಿಯೂ ಕೊಡುತ್ತಿದ್ದಳು, ಏನನ್ನೂ ಮುಚ್ಚಿಡದೆ. ದೊಡ್ಡಉಳ್ಳಾರ್ತಿಯಿಂದ, ಗಡಿ ಆಚೆ ರಾಯದುರ್ಗದಿಂದಲೂ ಜನ ನನ್ನ ಅಂಗಡಿಗೆ ಬರುತ್ತಿದ್ದರು. “ಬೋರಕ್ಕ ಕಳಿಸಿದ್ಲು. ಸಾಮಾನು ತಿಪ್ಪೇಸ್ವಾಮಣ್ಣನ ಹತ್ರಾನೇ ತಗೊಳ್ರಿ, ನಂಗೆ ಮೊದ್ಲು ಹೇಳಿಕೊಟ್ಟೋರು ಅವರೇ ಅಂದ್ಲು.” ಪ್ರತಿ ಸಲವೂ ನಾನು ತಲೆಯಾಡಿಸಿ, ಡಬ್ಬಿ ತೆಗೆದುಕೊಡಲು ಬೆನ್ನು ತಿರುಗಿಸುತ್ತಿದ್ದೆ.

ಹೋದ ತಿಂಗಳು ದೇವಸಮುದ್ರದಲ್ಲಿ ನೆಂಟರ ಮಗುವಿನ ನಾಮಕರಣ. ಊಟ ಮುಗಿಸಿ ಬರುವಾಗ ದಾರಿಯಲ್ಲೇ ಅವಳ ಮನೆ. ಗಂಡ ಪಾಲಯ್ಯ ಕುರಿಗಳಿಗೆ ನೀರು ಹಾಕುತ್ತಿದ್ದ. ಬೋರಮ್ಮ ಎಲ್ಲಿ ಎಂದೆ. ಹಿತ್ತಲಲ್ಲಿ ಅವಳೆ, ಗ್ರಿಲ್ ಹೊಡೀತಾ ಅವಳೆ ಅಂದ. ಮನೆಯ ಮುಂದೆ ಬೇವಿನ ನೆರಳಿದೆ, ಒಳ್ಳೆಯ ಬೆಳಕಿದೆ — ಆ ಇಕ್ಕಟ್ಟಿನ ಹಿತ್ತಲಲ್ಲಿ ಯಾಕೆ ಮಾಡುತ್ತಾಳೆ ಎಂದು ಸಹಜವಾಗಿ ಕೇಳಿದೆ.

ಪಾಲಯ್ಯ ಕೊಡ ಕೆಳಗಿಟ್ಟ. “ಯಾರಾದ್ರೂ ನೋಡ್ತಿದ್ರೆ ಅವಳ ಕೈ ನಡುಗ್ತೈತಣ್ಣ. ಅವತ್ತು ಸ್ಟ್ಯಾಂಡಲ್ಲಿ ನಕ್ಕಿದ್ರಲ್ಲ, ಅವತ್ತಿಂದ. ಹೇಳಿಕೊಡೋದೆಲ್ಲಾ ಬಾಯಲ್ಲೇ. ಡಬ್ಬಿ ಹಿಡಿಯೋದು ಮಾತ್ರ ಯಾರೂ ಇಲ್ದಾಗ.”

ಅಂಥ ಕೈ. ಅದು ನಡುಗುತ್ತದೆ. ನನ್ನಿಂದ.

ನಾನು ಹಿತ್ತಲಿಗೆ ಹೋಗಲಿಲ್ಲ, ಅವಳನ್ನೇ ಹೊರಗೆ ಕರೆಸಿದೆ. ಕೈ ಒರೆಸಿಕೊಳ್ಳುತ್ತ ಬಂದಳು. “ಓ ಅಣ್ಣ, ಬರ್ರಿ, ಕುಂದ್ರಿ, ಮಜ್ಜಿಗೆ ತರ್ತೀನಿ” ಅಂದಳು. ಕೂರಲಿಲ್ಲ. ನಿಂತೇ ಹೇಳಿದೆ — ಉಜ್ಜಬೇಕೆಂದು ಗೊತ್ತಿತ್ತು, ಬೇಕೆಂದೇ ಬೇಡ ಅಂದೆ, ನೀನು ಜಿಡ್ಡು ತೊಳೆದದ್ದು ಸರಿಯಾಗಿಯೇ ಇತ್ತು, ಆಮೇಲೆ ನೀನು ಕೇಳಿದಾಗಲೂ ಮುಚ್ಚಿಟ್ಟೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

ಪಾಲಯ್ಯ ಏನೋ ಅನ್ನಲು ಬಾಯಿ ತೆರೆದ, ಅವಳು ಕೈ ಸನ್ನೆಯಲ್ಲೇ ತಡೆದಳು.

“ನಾಕು ವರ್ಷ ನನ್ನ ಕೈನೇ ಬೈಕೊಂಡೆ ನಾನು,” ಅಂದಳು. ಕೂಗಲಿಲ್ಲ. “ನಂಗೇನೋ ಇವತ್ತು ಹೇಳಿದ್ರಿ. ನಕ್ಕೋರಿಗೆ ಹೇಳಿದ್ರಾ?”

“ಇಲ್ಲ.”

“ಮತ್ತೆ?”

ಅಷ್ಟೇ ಕೇಳಿದ್ದು. ಹಿತ್ತಲಿಗೆ ಹೊರಟುಹೋದಳು. ಅರ್ಧ ಹೊಡೆದ ಗ್ರಿಲ್ ಇತ್ತಲ್ಲ, ಬಣ್ಣ ಒಣಗುವ ಮುಂಚೆ ಮುಂದಿನ ಪದರ ಹೊಡೆಯಬೇಕು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆಯದೆ ಮೊಳಕಾಲ್ಮೂರಿಗೆ ಬಸ್ಸು ಹತ್ತಿದೆ. ಸ್ಟ್ಯಾಂಡಿನಲ್ಲಿ ಹದಿನೈದು ಇಪ್ಪತ್ತು ಜನ ಡ್ರೈವರುಗಳು ಟೀ ಕುಡಿಯುತ್ತಿದ್ದರು. ಹೆಚ್ಚಿನವರು ನನ್ನ ಗಿರಾಕಿಗಳೇ. ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಬೋರಮ್ಮನ ಕಾರಿನ ಬಣ್ಣ ಉದುರಿದ್ದು ಅವಳ ತಪ್ಪಲ್ಲ. ಅವಳು ಕೇಳಿದ್ಲು, ನಾನು ಸುಳ್ಳು ಹೇಳಿದೆ. ಗೊತ್ತಿದ್ದೇ ಹೇಳಿದೆ. ನೀವು ನಗಬೇಕಾದ್ದು ನನ್ನ ನೋಡಿ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಪೊರೆ ಬಿಡ್ತಾ ಐತಾ ಅಂದಿದ್ದವನೇ ಇರಬೇಕು, ಒಬ್ಬ ಹಿರಿಯ ಡ್ರೈವರ್ ಲೋಟ ಕೆಳಗಿಟ್ಟು, “ನಾವೂ ಏನ್ ಕಮ್ಮಿ ಮಾಡಿದ್ವಿ ಬಿಡ್ರಿ” ಅಂದ. ಇನ್ನೊಬ್ಬ, “ಥೂ, ಎಂಥ ಮನುಷ್ಯ ಮಾರಾಯ” ಅಂತ ಮುಖ ತಿರುಗಿಸಿದ. ಎರಡೂ ಮಾತು ಸರಿಯೇ.

ಈಗ ಬೋರಮ್ಮ ಸಾಮಾನು ರಾಯದುರ್ಗದಿಂದ ತರಿಸುತ್ತಾಳಂತೆ. ಅವಳು ಕಳಿಸುತ್ತಿದ್ದ ಗಿರಾಕಿಗಳೂ ಬರುವುದಿಲ್ಲ. ಅವಳು ಕ್ಷಮಿಸಿದಳೋ ಇಲ್ಲವೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಕೈಯ ನಡುಕ ನಿಂತಿತೇ ಎಂಬುದೊಂದು ಮಾತ್ರ ತಿಳಿಯಬೇಕೆನಿಸುತ್ತದೆ — ಅದನ್ನು ಕೇಳುವ ಹಕ್ಕೂ ನನಗಿಲ್ಲ. ಅಂಗಡಿಗೆ ಬಂದು ನಾವೇ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ, ಕೇಳಲಿ ಬಿಡಲಿ, ಮೊದಲಿಂದ ಕೊನೆಯ ತನಕ ಹೇಳಿಕೊಡುತ್ತೇನೆ. ಯಾರೂ ಹೇಳಿಕೊಡದೆ ಇದನ್ನು ತಾನೇ ಕಂಡುಕೊಂಡವಳು ದೇವಸಮುದ್ರದ ಕಡೆಯ ಬೋರಮ್ಮ ಎಂದೂ ಹೇಳುತ್ತೇನೆ.

ವಾರಕ್ಕೊಮ್ಮೆಯೋ ಎರಡು ಸಲವೋ ಅವಳ ಬಿಳಿ ಕಾರು ಬಳ್ಳಾರಿ ರಸ್ತೆಯಲ್ಲಿ ಅಂಗಡಿಯ ಮುಂದೆಯೇ ಹಾದು ಹೋಗುತ್ತದೆ. ನಿಲ್ಲುವುದಿಲ್ಲ, ಅವಳು ಈ ಕಡೆ ನೋಡುವುದೂ ಇಲ್ಲ. ಎದುರಿಗೆ ಗಿರಾಕಿ ಇದ್ದರೂ ನಾನು ಎದ್ದು ನಿಲ್ಲುತ್ತೇನೆ.