ಪೇಟೆಯಲ್ಲಿ ಗುರುತು ಹಿಡಿಯದ ಪ್ರೇಮಕ್ಕ

ಬೆಳ್ತಂಗಡಿ ಪೇಟೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಸಣ್ಣ ಚಿಕಿತ್ಸಾಲಯವೊಂದರ ಹಿಂಬದಿಯ ಕೋಣೆಯಲ್ಲಿ ಪ್ರೇಮಾವತಿ ತಮ್ಮದೇ ಪಾದದ ಗಂಟಿನ ಬಳಿ ಎರಡು ಅಂಟುಪಟ್ಟಿಗಳನ್ನು ಅಂಟಿಸಿಕೊಂಡು, ಅಂಗೈಯಗಲದ ಯಂತ್ರವನ್ನು ಎದುರಿನ ಒಂಬತ್ತರ ಹುಡುಗಿಯ ಕೈಗೊಪ್ಪಿಸುತ್ತಾರೆ.

“ಮೊದಲು ನನಗೆ ಕರೆಂಟು ಕೊಡು ಮಗಾ. ನಾನು ಕಿರುಚಿದರೆ ನೀನು ಓಡು.”

ಪ್ರತಿ ಮಗುವಿಗೂ ಇದೇ ಕ್ರಮ. ಯಾವಾಗಲೂ ನಗುತ್ತ ಗುಂಡಿ ತಿರುಗಿಸುವ ಹುಡುಗಿ ಇಂದು ನಗುವುದಿಲ್ಲ. ಕೈ ಸೋತಿದೆ, ತುಟಿ ಒಣಗಿ ಬಿರಿದಿದೆ.

ಮೂತ್ರ ಬಂತೆನ್ನುವಷ್ಟರಲ್ಲಿ ಬಟ್ಟೆ ಒದ್ದೆಯಾಗುವ ಮಕ್ಕಳಿಗೆ ವೈದ್ಯರು ಸೂಚಿಸುವ ಚಿಕಿತ್ಸೆಗಳಲ್ಲಿ ಇದೂ ಒಂದು. ನರಕ್ಕೆ ಸೌಮ್ಯವಾದ ವಿದ್ಯುತ್ ಮಿಡಿತ ಕೊಟ್ಟು ಮೂತ್ರಕೋಶದ ಆತುರವನ್ನು ಮೆಲ್ಲಗೆ ಪಳಗಿಸುವ ಕೆಲಸ. ಒಂದು ಸಲಕ್ಕೆ ಅರ್ಧ ಗಂಟೆ, ವಾರಕ್ಕೆರಡು ಸಲ, ತಿಂಗಳುಗಟ್ಟಲೆ. ಎಲ್ಲರಿಗೂ ಗುಣವಾದೀತೆಂಬ ಭರವಸೆಯಿಲ್ಲ.

ಐವತ್ತೆರಡರ ಪ್ರೇಮಾವತಿ ತೋಡಾರಿನವರು. ಮೂಡುಬಿದಿರೆಯ ವೈದ್ಯರೊಬ್ಬರ ಸಹಾಯಕಿ. ವಾರದಲ್ಲಿ ಎರಡು ದಿನ ಯಂತ್ರವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಆರೇಳು ಮಕ್ಕಳು. ಯಾರ ಕಣ್ಣಿಗೂ ಬೀಳಬಾರದೆಂದು ಹೆತ್ತವರೆಲ್ಲ ಕೇಳುವುದು ಮುಂಜಾನೆಯ ಹೊತ್ತನ್ನೇ.

“ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದವರು ಇಲ್ಲಿಗೆ ಬರುವ ಮಗುವೊಂದರ ತಾಯಿ, ನನ್ನನ್ನು ಕಂಡ ಕೂಡಲೇ ಎದ್ದು ಬೇರೆ ಸಾಲಿಗೆ ಹೋದರು. ಮಗುವಿನ ಗುಟ್ಟು ಅಲ್ವಾ? ಅಂದಿನಿಂದ ಪೇಟೆಯಲ್ಲಿ ಯಾರು ಸಿಕ್ಕಿದರೂ ನಾನಾಗಿ ಗುರುತು ಹಿಡಿಯುವುದಿಲ್ಲ” ಎನ್ನುತ್ತಾರೆ.

ಇಂದಿನ ಹುಡುಗಿ ಕಕ್ಕಿಂಜೆಯ ಕಡೆಯವಳು. ವಿಸ್ಮಿತಾ ಎಂದು ಕರೆಯೋಣ. ಜೊತೆಗೆ ಬಂದ ಅಜ್ಜನನ್ನು ನೋಣಯ್ಯ ಎನ್ನೋಣ. ಎರಡೂ ನಿಜವಾದ ಹೆಸರುಗಳಲ್ಲ. ಯಕ್ಷಗಾನ ಮೇಳಗಳಲ್ಲಿ ಕಲಾವಿದರಿಗೆ ವೇಷ ಕಟ್ಟಿಯೇ ಹಣ್ಣಾದವರು ನೋಣಯ್ಯ. ಈ ಮಧ್ಯಾಹ್ನ ಶಾಲೆಯ ಯಕ್ಷಗಾನದ ಆಟದಲ್ಲಿ ಮೊಮ್ಮಗಳದು ಮೊದಲ ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ಎಳೆಯ ವೀರನ ಪಾತ್ರ; ವೇಷ ಕಟ್ಟುವವರು ಅಜ್ಜನೇ. ಅಭ್ಯಾಸದ ವೇಳೆ ಒಮ್ಮೆ ಬಟ್ಟೆ ಒದ್ದೆಯಾಗಿ ಮಕ್ಕಳು ನಕ್ಕಿದ್ದರು. ಇನ್ನೊಮ್ಮೆ ಹಾಗಾದರೆ ಗೆಜ್ಜೆಯನ್ನೇ ಮುಟ್ಟೆನೆಂದು ಅವಳ ಹಠ.

“ಬೆಳಿಗ್ಗೆ ನೀರು ಕುಡಿದಿಯಾ ಮಗಾ?”

ಉತ್ತರ ಬರುವುದು ಅಜ್ಜನಿಂದ, ಅದೂ ಹೆಮ್ಮೆಯಿಂದ. “ನಿನ್ನೆ ಮಧ್ಯಾಹ್ನದಿಂದ ಒಂದು ಗುಟುಕು ಕೊಡಲಿಲ್ಲ ಪ್ರೇಮಕ್ಕ. ಒಂದು ಹನಿ ಬೀಳಲಿಲ್ಲ ನೋಡಿ!”

ಪ್ರೇಮಾವತಿ ತಮ್ಮ ಕಾಲಿನ ಪಟ್ಟಿಗಳನ್ನು ಕಿತ್ತು ವೈದ್ಯರಿಗೆ ಫೋನು ಮಾಡುತ್ತಾರೆ. ಇಂದು ಚಿಕಿತ್ಸೆ ಬೇಡ, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ, ಮೂತ್ರ ಹೋಗುವವರೆಗೆ ಕಳಿಸಬೇಡಿ, ಸುಸ್ತು ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಿರಿ ಎಂಬ ಸೂಚನೆ ಬರುತ್ತದೆ. ಲೋಟ ತುಟಿಗೆ ತಾಗುತ್ತದೆ. ಅಜ್ಜ ಸಿಡುಕುತ್ತಾರೆ.

“ಎಂತ ಮಾರಾಯ್ತಿ ನೀವು! ನೀರು ಕುಡಿದರೆ ನಡುವೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಕಟ್ಟಿದ ವೇಷವನ್ನು ಆಟದ ನಡುವೆ ಬಿಚ್ಚುವ ಕ್ರಮ ಉಂಟಾ? ನಾನು ಒಮ್ಮೆಯೂ ಬಿಚ್ಚಿದವನಲ್ಲ.”

“ನೀರಿಲ್ಲದೆ ಮಗು ರಂಗಸ್ಥಳದಲ್ಲಿ ಬಿದ್ದರೆ ಆಗ ಯಾವ ಕ್ರಮ ಅಜ್ಜಾ? ಎಳೆದ ಕೂಡಲೇ ಬಿಚ್ಚುವ ಗಂಟು ನಿಮಗೆ ಬರುವುದಿಲ್ಲವಾ?”

“ಯಾರು ಹೇಳಿದ್ದು ಬರುವುದಿಲ್ಲ ಅಂತ?”

ಪ್ರೇಮಾವತಿ ಆಗಾಗ ಒಂದೊಂದು ಗುಟುಕು ಕುಡಿಸುತ್ತಲೇ ಇರುತ್ತಾರೆ. ಬಹಳ ಹೊತ್ತಿನ ಮೇಲೆ ಹುಡುಗಿ ತಾನಾಗಿ ಎದ್ದು ಬಚ್ಚಲಿಗೆ ನಡೆಯುತ್ತಾಳೆ. ಮರಳಿ ಬಂದವಳ ಮುಖದಲ್ಲಿ ಕಳೆಯಿದೆ. “ಪ್ರೇಮಕ್ಕ, ನೀವೂ ಆಟಕ್ಕೆ ಬನ್ನಿ.”

“ನಾನು ಬಂದರೆ ‘ಇವರು ಯಾರು’ ಅಂತ ಕೇಳುವವರಿದ್ದಾರೆ. ನೀನು ಕುಣಿ. ನೀರು ಕುಡಿದು ಕುಣಿ.”

ಸಂಜೆ ಮೂಡುಬಿದಿರೆಯ ಬಸ್‌ ನಿಲ್ದಾಣ. ಕಾಲೇಜು ಮಕ್ಕಳ ಗದ್ದಲದ ನಡುವೆ ಪ್ರೇಮಾವತಿ ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಾರೆ. ತೋಡಾರಿನ ಬಸ್ಸು ಬಂದು ಹೋದರೂ ಹತ್ತಿಲ್ಲ. ಕೊನೆಗೂ ಫೋನು ರಿಂಗಾಗುತ್ತದೆ. ಅತ್ತ ನೋಣಯ್ಯನವರ ಏದುಸಿರು.

“ಎರಡನೆಯ ಪ್ರವೇಶಕ್ಕೆ ಮೊದಲು ಕಣ್ಣಲ್ಲೇ ಸನ್ನೆ ಮಾಡಿದಳು. ಗಂಟು ಎಳೆದೆ, ಬಿಚ್ಚಿತು. ಹೋಗಿ ಬಂದಳು, ಪುನಃ ಕಟ್ಟಿದೆ. ಭಾಗವತರಿಗೂ ಗೊತ್ತಾಗಲಿಲ್ಲ ಪ್ರೇಮಕ್ಕ!”

ಪ್ರೇಮಾವತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷ ದುಡಿದಿದ್ದೀರಿ, ನಿಮ್ಮ ಆಸೆಯೇನು ಎಂದು ಕೇಳಿದರೆ ಮುಂದಿನ ಬಸ್ಸಿನತ್ತ ಹೆಜ್ಜೆ ಹಾಕುತ್ತಲೇ ಉತ್ತರಿಸುತ್ತಾರೆ.

“ಆ ಮಗು ದೊಡ್ಡವಳಾಗಿ ಎಲ್ಲಿಯಾದರೂ ಎದುರು ಸಿಕ್ಕಿದಾಗ, ಈ ಹೆಂಗಸನ್ನು ಎಲ್ಲಿ ನೋಡಿದ್ದು ಅಂತ ಅವಳಿಗೆ ನೆನಪೇ ಆಗಬಾರದು. ಅಷ್ಟಾದರೆ ಸಾಕು.”